ಕರಿ ಎರಡಕ್ಕೆ ನಿಂತ ತಂಬೂರಿ

ತಂಬೂರಿಯ ಗವಸು ಬಿಚ್ಚಿದ ಜಿಲಾನಿ ಪಾಷಾ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಉದ್ದನೆಯ ದಂಡಿ ಬುರುಡೆಗೆ ಕೂಡುವಲ್ಲಿ, ಅಂಟು ಹಾಕಿ ಮುಚ್ಚಿದ ಹಳೆಯ ಸೀಳು. ಹದಿನೆಂಟು ವರ್ಷದ ಹಿಂದೆ ಅವನೇ ಮಾಡಿದ್ದು. ಆಗ ರಾಯಚೂರಿನಲ್ಲಿ ವಾದ್ಯ ರಿಪೇರಿ ಅಂಗಡಿ ಇಟ್ಟ ಹೊಸತು; ಕೈ ಚುರುಕು, ಬುದ್ಧಿ ಮಂದ. ಹಿತ್ತಾಳೆ ತಂತಿಗೆ ಒಗ್ಗಿದ್ದ ಮುದಿ ತಂಬೂರಿಗೆ ದಪ್ಪ ಉಕ್ಕಿನ ತಂತಿ ಬಿಗಿದು ಶ್ರುತಿ ಏರಿಸಿದ್ದ. ಮರುದಿನಕ್ಕೆ ಕೂಡು ಬಾಯಿ ಬಿಟ್ಟಿತ್ತು. ಮಾನ್ವಿಯ ತುಳಸಿಬಾಯಿ ಒಂದು ಮಾತೂ ಆಡದೆ ಅದನ್ನು ಹೊತ್ತೊಯ್ದಿದ್ದರು. ಬೈದಿದ್ದರೆ ಅಂದೇ ಮರೆಯುತ್ತಿದ್ದ.

ಈಗ ಅವರೇ ಎದುರು ಕೂತಿದ್ದಾರೆ. ಪಕ್ಕದಲ್ಲಿ ಮಗ ಶೇಷಗಿರಿ ಮಾಸ್ತರು, ಮೊಮ್ಮಗಳು ಪೂರ್ಣಶ್ರೀ. ಸಂಜೆ ಮಾನ್ವಿಯ ಮಠದಲ್ಲಿ ಹುಡುಗಿ ಮೊದಲ ಸಲ ದೇವರನಾಮ ಹಾಡಬೇಕು. ಮುತ್ತಜ್ಜಿ ಕಾಲದ ಈ ತಂಬೂರಿಯೇ ಆಗಬೇಕು.

“ಹಾರ್ಮೋನಿಯಂದ ನಾಲ್ಕನೇ ಕರಿ ಮನಿಗೆ, ಕರಿ ನಾಲ್ಕಕ್ಕ ಕೂಡಿಸ್ರಿ ಪಾಷಾ ಸಾಬ್ರ, ಹುಡುಗಿ ಧ್ವನಿ ಅಲ್ಲೇ ಅದ. ತಂತಿ ಮಾತ್ರ ಹಿತ್ತಾಳಿದೇ ಇರ್ಲಿ. ತೆಳ್ಳಂದು ಹಾಕಿದ್ರ ಏರ್ತದ,” ಎಂದರು ಮಾಸ್ತರು.

“ಇಷ್ಟು ಉದ್ದಕ್ಕ ಹಿತ್ತಾಳಿ ಹರಿಯೋ ಶ್ರುತಿ ಒಂದೇ ರೀ. ದಪ್ಪಿರ್ಲಿ, ತೆಳ್ಳಗಿರ್ಲಿ.”

ಮಾಸ್ತರಿಕೆ ಅಂದರೆ ಹಾಗೆ, ಹೇಳುವುದೇ ಹೊರತು ಕೇಳುವುದಿಲ್ಲ. ಪಾಷಾ ಹಾಕಿ ತೋರಿಸಿದ. ಕರಿ ಒಂದು ದಾಟುತ್ತಲೇ ತಂತಿ ಹರಿದು ಅವನ ಹೆಬ್ಬೆರಳನ್ನು ಸೀಳಿತು.

ರಕ್ತ ಒರೆಸಿಕೊಂಡು, ತಗ್ಗು ದನಿಯ ತಂತಿಯೊಂದನ್ನು ಹಿತ್ತಾಳೆಯದೇ ಉಳಿಸಿ, ಉಳಿದ ಮೂರಕ್ಕೆ ತೀರ ತೆಳ್ಳನೆಯ ಉಕ್ಕು ಹಾಕಿದ. ತೆಳು ಉಕ್ಕು ಏರಿದರೂ ಮರವನ್ನು ಅಷ್ಟು ಜಗ್ಗುವುದಿಲ್ಲ. ದಂಡಿಗೆ ಕೆನ್ನೆ ಒತ್ತಿ ಬಿರಡೆ ತಿರುವಿದ. ಬಿಳಿ ಎರಡು. ಕರಿ ಎರಡು. ಕೆನ್ನೆಯ ಕೆಳಗೆ ಮರ ಟಿಕ್ ಎಂದಿತು. ಅವನು ಬಿರಡೆಯಿಂದ ಕೈ ತೆಗೆದ.

“ಏರಿಸ್ರಿ, ಯಾಕ ನಿಂತ್ರಿ?”

“ಏರ್ಸಂಗಿಲ್ರಿ. ಬೇಕಾದ್ರ ಬ್ಯಾರೆ ಕಡಿ ಒಯ್ರಿ.”

“ಸಂಜಿಗೆ ಹಾಡು ಅದ! ಹುಡುಗಿ ಮರ್ಯಾದಿ ಏನಾಗ್ಬೇಕು?” ಮಾಸ್ತರು ಎದ್ದೇ ನಿಂತರು.

ಕಣ್ಣು ಮುಚ್ಚಿ ಯೋಚಿಸಿದ ಪಾಷಾ ಷಡ್ಜವನ್ನು ಕರಿ ಎರಡಕ್ಕೇ ಬಿಟ್ಟ. ಮೊದಲ ತಂತಿಯನ್ನು ಏರಿಸಲಿಲ್ಲ, ಇಳಿಸಿದ, ಪಂಚಮದಿಂದ ಮಧ್ಯಮಕ್ಕೆ. “ಯವ್ವಾ, ಈ ಮಧ್ಯಮಾನೇ ನಿನ್ನ ಷಡ್ಜ ಅಂತ ಹಿಡಿ.”

ಪೂರ್ಣಶ್ರೀ ದನಿ ತೆಗೆದಳು. ಕರಿ ನಾಲ್ಕೇ! ಕರಿ ಎರಡರ ಮಧ್ಯಮ ನಿಲ್ಲುವುದೇ ಅಲ್ಲಿ. ಮರ ತುಟಿಪಿಟಕ್ಕೆನ್ನಲಿಲ್ಲ. ಮಾಸ್ತರು ಮತ್ತೆ ಕೂತರು.

ಗವಸು ಹಾಕುವಾಗ ಪಾಷಾಗೆ ತಡೆಯಲಾಗಲಿಲ್ಲ. “ಅಮ್ಮಾರ, ಒಡೆದವನ ಹತ್ರಾನೇ ಯಾಕ ತಂದ್ರಿ?”

ತುಳಸಿಬಾಯಿ ಅವನ ಹೆಬ್ಬೆರಳು ನೋಡಿದರು. “ಎಲ್ಲಿ ನಿಲ್ಲಬೇಕು ಅನ್ನೋದು ಒಡೆದ ಕೈಗೇ ಗೊತ್ತಪಾ,” ಎಂದರು.