ಗೆರೆಯ ಪಕ್ಕ ಕೂತ ಅಮ್ಮ

ಮೊನ್ನೆ ಕುಂದಾಪುರದಲ್ಲಿ ಮಗಳ ಕಬಡ್ಡಿ ಅಭ್ಯಾಸ ನೋಡಲು ಹೋಗಿದ್ದೆ. ಅಂಗಣಕ್ಕೆ ಗೆರೆ ಎಳೆದ ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಏಳನೇ ಕ್ಲಾಸಿನ ಮೈದಾನದಲ್ಲಿದ್ದೆ.

ನಮ್ಮ ಆಟದ ಮಾಸ್ಟ್ರು ಸಂಜೆ ಶಾಲೆ ಬಿಟ್ಟ ಮೇಲೂ ದುಡ್ಡು ತಗೊಳ್ಳದೆ ನಮಗೆ ಕಬಡ್ಡಿ ಕಲಿಸುತ್ತಿದ್ದರು. ಮೀನು ಮಾರುವ ಅಮ್ಮನಿಗೆ ಅದೇ ಅನುಮಾನ. ಬಂಗುಡೆಯ ಕಿವಿರು ಎತ್ತಿ ನೋಡದೆ ಯಾರ ಮಾತನ್ನೂ ನಂಬದವಳು ಅವಳು.

"ಬಿಟ್ಟಿ ಯಾರೂ ಎಂತ ಮಾಡುದಿಲ್ಲ. ಕಡಿಗ್ ದೊಡ್ಡೋರ್ ಮಕ್ಕಳನ್ನೇ ಟೀಮಿಗ್ ಹಾಕ್ತ್ರ್, ಕಾಣ್" ಎನ್ನುತ್ತಿದ್ದಳು. ಖಾಲಿ ಬುಟ್ಟಿ ಸೊಂಟಕ್ಕಿಟ್ಟು ದಿನಾ ಬೇಲಿಯಾಚೆ ನಿಂತು ಮಾಸ್ಟ್ರನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಒಂದು ಸಂಜೆ ಮಾಸ್ಟ್ರು ಕರೆದರು. "ಹ್ವಾಯ್ ಅಕ್ಕ, ಅಲ್ಲಿಂದ ಎಂತಕ್ ಕಾಂತ್ರಿ? ಒಳಗ್ ಬನ್ನಿ. ಗೆರಿ ಮೆಟ್ಟಿದ್ ಯಾರ್ ಅಂದೇಳಿ ನೀವೇ ಹೇಳಿ. ನಿಮ್ಮಷ್ಟ್ ಅನುಮಾನ ಇಪ್ಪೋರ್ ನಂಗ್ ಬೇರೆ ಸಿಕ್ಕುದಿಲ್ಲ."

ಅಮ್ಮ ಅದನ್ನೂ ಅನುಮಾನಿಸುತ್ತಲೇ ಬಂದು ಗೆರೆಯ ಪಕ್ಕ ಕೂತಳು. ನಾನು ಎದುರಾಳಿಗಳಿಬ್ಬರನ್ನು ಮುಟ್ಟಿ ತಪ್ಪಿಸಿಕೊಂಡು ಬಂದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅಮ್ಮನ ಕೈ ಮೇಲೆದ್ದಿತು.

"ಔಟ್! ಹಿಮ್ಮಡಿ ಮೊದ್ಲೇ ಹೊರಗ್ ಬಿದ್ದಿತ್ತ್. ನಾನ್ ಕಂಡಿದೆ."

ಮಾಸ್ಟ್ರು ಸೀಟಿ ಊದಿ ನನ್ನನ್ನು ಹೊರಗೆ ಕಳಿಸಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ. ಮನೆ ಹತ್ತಿರವಾದಾಗ, "ಮಾಸ್ಟ್ರ್ ಒಳ್ಳೆಯವ್ರ್ ಅಲ್ದಾ?" ಎಂದು ಕೇಳಿದೆ.

"ಇನ್ನೂ ಕಾಣ್ಕ್" ಎಂದಳು. ಇನ್ನೂ ನೋಡಬೇಕಂತೆ.

ಈಗ ಮಗಳ ಕೋಚ್ ಬಗ್ಗೆ ನನಗೂ ಅಂಥದೇ ಅನುಮಾನ. ಪೋಷಕರ ಹತ್ತಿರ ತೀರಾ ಸಿಹಿಯಾಗಿ ಮಾತಾಡುತ್ತಾರೆ. ಬೇಲಿಗೆ ಒರಗಿ ಅವರನ್ನೇ ನೋಡುತ್ತಿದ್ದಾಗ ಮಗಳ ಹಿಮ್ಮಡಿ ಗೆರೆ ದಾಟಿತು. ಕೋಚ್ ಗಮನಿಸಲಿಲ್ಲ. ಅಜ್ಜಿಯ ಈ ಕಥೆ ಕೇಳಿಯೇ ಬೆಳೆದ ಮಗಳು ಮಾತ್ರ ತಿರುಗಿ ನನ್ನ ಕೈ ನೋಡಿದಳು.