ಅಂಗೈಯಲ್ಲಿ ಲಿಂಗವಿತ್ತು ಎಂದೆ

ನನ್ನ ಹೃದಯ ನಿಂತು ಮತ್ತೆ ಶುರುವಾದ ಮೇಲೆ, ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲೇನು ಕಂಡಿತು? ಎದೆ ನೋಯುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿದವರು ಕಡಿಮೆ. ಅವರನ್ನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಚಪ್ಪಲಿ ಬಿಡುವ ಮೊದಲೇ ಅದನ್ನು ಕೇಳುತ್ತಿದ್ದೆ.

ಹುನಗುಂದದ ತಹಶೀಲ್ದಾರ ಕಚೇರಿಯ ಎದುರು ಕುಳಿತು ಬಾಂಡ್ ಬರೆಯುವುದು ನನ್ನ ಕೆಲಸ. ಖರೀದಿ ಪತ್ರ, ಅಣ್ಣ ತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರ, ಅಫಿಡವಿಟ್ಟು. ‘ಮೇಲ್ಕಂಡ ಸಂಗತಿಯನ್ನು ನಾನು ಕಣ್ಣಾರೆ ಕಂಡಿರುತ್ತೇನೆ’ ಎಂದು ಎಷ್ಟು ಸಾಕ್ಷಿದಾರರ ಪರವಾಗಿ ಬರೆದಿದ್ದೇನೋ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಗೆ ಬರೆಯುತ್ತಿದ್ದಾಗಲೇ ಎಡ ತೋಳು ಜಗ್ಗತೊಡಗಿತು, ಮೈಯೆಲ್ಲ ಬೆವೆತಿತು. ಪಕ್ಕದ ಝೆರಾಕ್ಸ್ ಅಂಗಡಿಯವರು ಕಾರು ಮಾಡಿ ಬಾಗಲಕೋಟೆಗೆ ಕರೆದೊಯ್ದರು. ದವಾಖಾನೆಯಲ್ಲಿ ಯಾರೋ ಕತ್ತರಿ ಹಿಡಿದು ನನ್ನ ಬನಿಯನ್ ಕತ್ತರಿಸುತ್ತಿದ್ದರು. ಹೊಸ ಬನಿಯನ್ ಅದು, ಹಾಳಾಯಿತಲ್ಲ ಎಂದುಕೊಂಡೆ. ‘ನೀರು’ ಎಂದೆ, ‘ಕೊಡ್ರಿ’ ಎಂದೆ. ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಆಡಿದೆ ಎಂದೇ ನನ್ನ ತಿಳಿವಳಿಕೆ. ಆದರೆ ‘ಕೊಡ್ರಿ’ ಎಂದದ್ದು ಮರುದಿನ ಮಧ್ಯಾಹ್ನವಂತೆ. ನಡುವೆ ಹೃದಯ ನಿಂತಿತ್ತು, ಎದೆ ಒತ್ತಿದ್ದರು, ಕರೆಂಟು ಕೊಟ್ಟಿದ್ದರು. ಇದೆಲ್ಲ ಡಾಕ್ಟರು ಆಮೇಲೆ ಹೇಳಿದ್ದು.

ಆ ನಡುವೆ ಏನಿತ್ತು? ಏನೂ ಇರಲಿಲ್ಲ. ಕತ್ತಲೆಯೂ ಇರಲಿಲ್ಲ. ನಿದ್ದೆಯಿಂದ ಎದ್ದರೆ ಇಷ್ಟು ಹೊತ್ತು ಮಲಗಿದ್ದೆ ಎಂದು ಮೈಗೆ ಗೊತ್ತಿರುತ್ತದೆ. ಇಲ್ಲಿ ಅದೂ ಇಲ್ಲ.

ಮೊದಲು ಕೇಳಿದವಳು ಹೆಂಡತಿ. ಇದ್ದದ್ದು ಇದ್ದ ಹಾಗೆ ಹೇಳಿದೆ. “ಏನೇನೂ ಇಲ್ಲೇನ್ರಿ?” ಎಂದು ಮತ್ತೊಮ್ಮೆ ಕೇಳಿದಳು. ಓಣಿಯ ಗೆಳೆಯನೊಬ್ಬ ಬಂದು, “ಅಷ್ಟ ದೂರ ಹೋಗಿ ಬರೀಗೈಲೆ ಬಂದ್ಯಾ ಲೇ?” ಎಂದು ನಕ್ಕ. ನಾನೂ ನಕ್ಕೆ. ಆದರೆ ಒಳಗೊಳಗೆ ನನಗೆ ಅವಮಾನವೇ ಆಗಿತ್ತು. ಮದುವೆಗೆ ಹೋಗಿ ಉಣ್ಣದೆ ಬಂದವನ ಮಾತನ್ನು ಯಾರು ಕೂತು ಕೇಳುತ್ತಾರೆ? ಮಾತಾಡಿ ಬದುಕಿದ ಮನುಷ್ಯ ನಾನು. ಜೀವಮಾನದ ದೊಡ್ಡ ಸುದ್ದಿ ಮೈಮೇಲೆ ಬಂದಾಗಲೇ ಹೇಳಲು ಏನೂ ಇರಲಿಲ್ಲ.

ನನ್ನನ್ನು ವಾರ್ಡಿಗೆ ಹಾಕಿದ ದಿನ ಇಳಕಲ್ಲಿನಿಂದ ಅಕ್ಕ ಬಂದಳು. ನನಗಿಂತ ಆರು ವರ್ಷ ದೊಡ್ಡವಳು, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ನೆರೆಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಒಬ್ಬನೇ ಮಗನನ್ನು ಬೆಳೆಸಿದ್ದಳು. ಅವನು ಪಾಲಿಟೆಕ್ನಿಕ್ ಓದುತ್ತಿದ್ದ. ನನಗೆ ಹೀಗಾಗುವ ಮೂರು ವರ್ಷದ ಮೊದಲು ಗೆಳೆಯನ ಬೈಕಿನ ಹಿಂದೆ ಕುಳಿತು ಬಾಗಲಕೋಟೆಗೆ ಹೊರಟವನು ಕಮತಗಿಯ ಹತ್ತಿರ ಲಾರಿಗೆ ಸಿಕ್ಕು ತೀರಿಕೊಂಡ. ಇಪ್ಪತ್ತು ವರ್ಷ.

ಅಕ್ಕ ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಶಿವಯೋಗ ಮಂದಿರದಿಂದ ತಂದಿಟ್ಟಿದ್ದ ವಿಭೂತಿಯನ್ನು ಹಣೆಗೆ ಹಚ್ಚಿದಳು. ಹೆಂಡತಿ ಗುಳಿಗೆ ತರಲು ಹೋಗುವ ತನಕ ಕಾದಳು.

“ತಮ್ಮಾ, ನಮ್ಮ ಹುಡುಗ ಕಂಡನೇನೋ?”

ಎಲ್ಲರೂ ಏನು ಕಂಡಿತು ಎಂದು ಕೇಳಿದ್ದರು. ಯಾರು ಎಂದು ಕೇಳಿದವಳು ಆಕೆಯೊಬ್ಬಳೇ. ಆಕೆಯ ಮುಖ ನೋಡಿದೆ.

“ಕಂಡ ಅಕ್ಕಾ” ಎಂದುಬಿಟ್ಟೆ.

“ಹೆಂಗಿದ್ದ?”

“ಆರಾಮಿದ್ದ. ನಗತಿದ್ದ.”

“ಅವನ ಹತ್ರ ಲಿಂಗ ಇತ್ತೇನು?”

ನಮ್ಮಲ್ಲಿ ತೀರಿಕೊಂಡವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಬದುಕಿದ್ದಾಗ ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಳಿಸುತ್ತಾರೆ. ಹಾಗಾಗಿ ಇದಕ್ಕೆ ಉತ್ತರ ಕೊಡಲು ನಾನು ಯೋಚಿಸಬೇಕಾಗಿಯೇ ಇರಲಿಲ್ಲ.

“ಇತ್ತು. ಅಂಗೈಯಾಗ ಇಟ್ಕೊಂಡು ಕುಂತಿದ್ದ.”

“ಅವಂದ ಏನು? ಖರೆ ಹೇಳು.”

“ಅವಂದ ಅಕ್ಕಾ. ನಾ ಗುರ್ತಾ ಹಿಡೀಲಿಲ್ಲಂದ್ರ ಮತ್ಯಾರು ಹಿಡೀತಾರ?”

ಈ ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದ್ದು. ಅಕ್ಕನ ಮೇಲಿನ ಮರುಕದಿಂದ ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಮರುಕ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಕೊನೆಯ ಮಾತಿನಲ್ಲಿ ಇದ್ದದ್ದು ಮರುಕವಲ್ಲ, ಜಂಬ. ಅಕ್ಕ ಸೆರಗು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ನನ್ನ ಒಂದು ಮಾತಿಗೆ ಇಷ್ಟು ಬೆಲೆ ಬಂದದ್ದು ಕಂಡು ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು. ಬರೆಯಲು ನಾಚಿಕೆಯಾಗುತ್ತದೆ.

ಸುದ್ದಿ ನನಗಿಂತ ಮೊದಲೇ ಹುನಗುಂದ ಮುಟ್ಟಿತ್ತು. ಮನೆಗೆ ಬಂದ ಮೇಲೆ ಜನ ಬರತೊಡಗಿದರು, ನಾನು ಉಪ್ಪು ಖಾರ ಹಚ್ಚಿ ಹೇಳತೊಡಗಿದೆ. ಮೊಬೈಲಿನಲ್ಲಿ ಇಂಥ ವಿಡಿಯೋಗಳು ಬೇಕಾದಷ್ಟು ಬರುತ್ತವೆ. ಸತ್ತು ಬದುಕಿದವರು ಸುರಂಗ ಕಂಡೆವು, ಬೆಳಕು ಕಂಡೆವು ಎನ್ನುತ್ತಾರೆ. ಅದರಲ್ಲಿ ಬೆಳಕನ್ನು ಇಟ್ಟುಕೊಂಡು ಸುರಂಗವನ್ನು ಬಿಟ್ಟೆ. ಸುರಂಗ ನಮ್ಮ ಕಡೆಯದು ಅನ್ನಿಸಲಿಲ್ಲ. ಅದರ ಬದಲು ಒಂದು ಹೊಳೆಯನ್ನು ತಂದೆ, ದಂಡೆಗೆ ಬಿಲ್ವದ ಗಿಡ ನೆಟ್ಟೆ, ಅದರ ನೆರಳಿನಲ್ಲಿ ಅಕ್ಕನ ಮಗನನ್ನು ಕೂಡಿಸಿದೆ. ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಮುಂದೆ ಏನೂ ಇರಲಿಲ್ಲ ಎಂದವನು ಊರಿಗೆಲ್ಲ ಹೊಳೆ ಹರಿಸುತ್ತಿದ್ದಾನಲ್ಲ ಎಂದು ಒಂದು ದಿನವೂ ಅನ್ನಲಿಲ್ಲ. ಚಹಾ ತಂದಿಟ್ಟು, ನನ್ನ ಮುಖ ನೋಡದೆ ಹೋಗುತ್ತಿದ್ದಳು.

ಒಮ್ಮೆ ಓಣಿಯ ಅಯ್ಯನವರು ಬಂದರು. ವಯಸ್ಸಾದವರು, ನಮ್ಮಲ್ಲಿ ಹುಟ್ಟು ಸಾವಿನ ವಿಧಿಯೆಲ್ಲ ಮಾಡಿಸುವವರು. ಪೂರಾ ಕೇಳಿಸಿಕೊಂಡರು. ಆಮೇಲೆ ಗಡ್ಡ ಸವರಿಕೊಳ್ಳುತ್ತ, “ಅಲ್ರೀ ರೈಟರ್ ಸಾಹೇಬ್ರ, ನಾವು ಲಿಂಗದಾಗ ಐಕ್ಯ ಆದ ಅಂತೀವಿ. ಉಪ್ಪು ನೀರಾಗ ಕರಗಿದ ಮ್ಯಾಲ ಹರಳು ಬ್ಯಾರೆ ಕಾಣತೈತೇನ್ರಿ?” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನಗೆ. “ನನಗ ಕಂಡದ್ದು ಹೇಳೀನ್ರಿ” ಎಂದು ದನಿ ಏರಿಸಿದೆ.

ಅವರು ಹೋದ ಮೇಲೆ ಯೋಚಿಸುತ್ತ ಕುಳಿತೆ. ಅವರ ನಂಬಿಕೆಯ ಪ್ರಕಾರವೂ ನನ್ನ ಕತೆ ನಿಲ್ಲುವುದಿಲ್ಲ, ನನ್ನ ಅನುಭವದ ಪ್ರಕಾರವಂತೂ ನಿಲ್ಲುವುದೇ ಇಲ್ಲ. ಹಾಗೆಂದು ಏನೂ ಕಾಣಲಿಲ್ಲವಾದ್ದರಿಂದ ಅಲ್ಲಿ ಏನೂ ಇಲ್ಲ ಎಂದು ಹೇಳಲೂ ನನಗೆ ಹಕ್ಕಿಲ್ಲ. ಸ್ಥಳದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದವನನ್ನು ಯಾವ ಕೋರ್ಟೂ ಸಾಕ್ಷಿ ಎಂದು ಒಪ್ಪುವುದಿಲ್ಲ. ನನ್ನಂಥವನು ಎರಡು ಕಡೆಗೂ ಸಲ್ಲುವುದಿಲ್ಲ ಎಂದು ಅವತ್ತೇ ತಿಳಿದಿತ್ತು. ಬಾಯಿ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ.

ಮೂರು ತಿಂಗಳಿಗೆ ಅಕ್ಕ ಫೋನು ಮಾಡಿ ಇಳಕಲ್ಲಿಗೆ ಕರೆಸಿದಳು. ಒಬ್ಬನೇ ಬಾ ಎಂದಿದ್ದಳು. ಹೋದರೆ ಬಾಗಿಲು ಮುಂದೆ ಮಾಡಿ, ಸೀರೆಯ ಟ್ರಂಕು ತೆಗೆದು, ತಳದಿಂದ ಕೆಂಪು ಬಟ್ಟೆಯ ಒಂದು ಸಣ್ಣ ಗಂಟು ತೆಗೆದಳು. ಬಿಚ್ಚಿದಳು. ಒಳಗೆ ಲಿಂಗವಿತ್ತು, ಅದರ ಶಿವದಾರ ಸಮೇತ.

“ಅವಂದು” ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಆ ಬೆಳಿಗ್ಗೆ ಹುಡುಗ ಜಳಕಕ್ಕೆ ಹೋಗುವಾಗ ಲಿಂಗ ತೆಗೆದು ಇಟ್ಟಿದ್ದ. ಗೆಳೆಯ ಹೊರಗೆ ಹಾರ್ನು ಹೊಡೆಯುತ್ತಿದ್ದ. ಲಗೂ ಹೋಗು, ಲಗೂ ಹೋಗು ಎಂದು ತಾನೇ ಅವಸರ ಮಾಡಿದಳಂತೆ. ಅವನು ಕಟ್ಟಿಕೊಳ್ಳುವುದನ್ನು ಮರೆತು ಹೋದ. ಹೆಣ ಬಂದಾಗ ಕೊರಳಲ್ಲಿ ಲಿಂಗವಿಲ್ಲದ್ದು ಕಂಡು, ದವಾಖಾನೆಯಲ್ಲಿ ಎಲ್ಲೋ ತಪ್ಪಿಹೋಗಿರಬೇಕು ಎಂದುಕೊಂಡು ಇಳಕಲ್ಲಿನ ಅಯ್ಯನವರು ಆಕೆಗಷ್ಟೇ ಹೇಳಿ ಬೇರೆ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಮಾಡಿಸಿದರು. ಎಲ್ಲ ಮುಗಿದ ಮೇಲೆ ಅಕ್ಕನಿಗೆ ಇದು ಅವನ ದಿಂಬಿನ ಕೆಳಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ತನ್ನ ಲಿಂಗವಿಲ್ಲದೆ ಹೋದ ಹುಡುಗ ಎಂದು ಊರು ಆಡಿಕೊಳ್ಳಬಾರದು. ಅಲ್ಲಿ ಅವನ ಗತಿ ಏನಾಯಿತೋ ಎಂದು ಮೂರು ವರ್ಷ ಒಬ್ಬಳೇ ಬೇಯುತ್ತಿದ್ದಳು.

ಸಿಕ್ಕಿಬಿದ್ದೆ ಎಂದುಕೊಂಡೆ. ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

“ಇದು ಇಲ್ಲೇ ಐತಿ. ಅಲ್ಲೆ ಅವನ ಕೈಯಾಗ ಹೆಂಗ ಬಂತು ಅಂತ ದಿನಾ ವಿಚಾರ ಮಾಡಿದೆ, ತಮ್ಮಾ. ಈಗ ತಿಳೀತು. ಶಿವನ ಕೊಟ್ಟಾನ. ಹುಡುಗ ಮರತ ಬಂದಾನ ಅಂತ ಅವನ ಹೊಂದಿಸ್ಯಾನ.” ಆಕೆಯ ಮುಖದಲ್ಲಿ ಅಷ್ಟು ವರ್ಷ ಇಲ್ಲದ ಕಳೆಯಿತ್ತು. “ಇನ್ನ ಇದನ್ನ ನಾ ಇಟ್ಕೊಂಡು ಏನ್ ಮಾಡ್ಲಿ? ಸಂಗಮಕ್ಕ ಹೋಗಿ ಹೊಳಿಗೆ ಬಿಟ್ಟು ಬರೂಣು, ನಡಿ.”

ಮಗನದು ಅಂತ ಆಕೆಯ ಹತ್ತಿರ ಉಳಿದಿದ್ದ ಪವಿತ್ರ ವಸ್ತು ಅದೊಂದೇ. ನನ್ನ ಬಾಯಿಚಟದ ಒಂದು ಮಾತು ನಂಬಿ ಅದನ್ನು ನೀರಿಗೆ ಹಾಕಲು ಹೊರಟಿದ್ದಳು. ಅಲ್ಲೇ, ಆ ಟ್ರಂಕಿನ ಮುಂದೆಯೇ ಹೇಳಬೇಕಿತ್ತು. ನಾನು “ಹೂಂ” ಎಂದೆ. ಬೇಡ ಎನ್ನಲು ಕಾರಣ ಕೊಡಬೇಕಾಗುತ್ತಿತ್ತು.

ಎರಡು ದಿನದ ಮೇಲೆ ಕಾರು ಮಾಡಿಕೊಂಡು ಕೂಡಲಸಂಗಮಕ್ಕೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಮಾತಾಡಿದಳು. ಹೊಳೆಯ ದಂಡೆಯ ಬಿಲ್ವದ ಗಿಡ ಎಷ್ಟು ದೊಡ್ಡದಿತ್ತು ಎಂದು ಕೇಳಿದಳು. ಅದೂ ಅವಳ ಕಿವಿಗೆ ಮುಟ್ಟಿತ್ತು. “ದೊಡ್ಡದಿತ್ತು” ಎಂದೆ.

ಮೆಟ್ಟಿಲ ಮೇಲೆ ಜಳಕ ಮಾಡುವವರು ನಾಲ್ಕಾರು ಮಂದಿ ಇದ್ದರು. ಅಕ್ಕ ಸ್ವಲ್ಪ ದೂರ ಹೋಗಿ, ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದಳು. ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರೆರೆದಳು, ವಿಭೂತಿ ಹಚ್ಚಿದಳು, ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ದಾರವನ್ನು ನನ್ನ ಕಡೆ ಎತ್ತಿ ಹಿಡಿದು ನಕ್ಕಳು.

“ನೋಡಿಲ್ಲೆ, ತುದಿ ಹೆಂಗ ಮಾಡ್ಯಾನ. ಸಾಲ್ಯಾಗ ಕುಂತು ಜಗಿಯಾಂವ. ಮಾಸ್ತರು ದಿನಾ ಬೈತಿದ್ರು.”

ದಾರದ ತುದಿ ಎಳೆಎಳೆಯಾಗಿ ಬಿಚ್ಚಿತ್ತು. ಅಕ್ಕ ನೀರಿಗೆ ಬಾಗಿದಳು.

“ಅಕ್ಕಾ, ಬಿಡಬ್ಯಾಡ” ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಜಳಕ ಮಾಡುವವರು ತಿರುಗಿ ನೋಡಿದರು. “ನಾ ಏನೂ ನೋಡಿಲ್ಲ. ಸುಳ್ಳ ಹೇಳೀನಿ. ನನಗ ಏನೂ ಕಾಣಲಿಲ್ಲ ಅಕ್ಕಾ.”

ಆಕೆ ಬಾಗಿದವಳು ಹಾಗೆಯೇ ನಿಂತಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬನಿಯನ್, ನೀರು, ಮರುದಿನದ ಮಧ್ಯಾಹ್ನ, ವಿಡಿಯೋ. ಆಕೆ ಬಂದು ಮೆಟ್ಟಿಲ ಮೇಲೆ ಕುಳಿತಳು, ಲಿಂಗವಿದ್ದ ಅಂಗೈ ಮುಚ್ಚಿತ್ತು.

“ಲಿಂಗದ್ದು ಸುಳ್ಳಾದ್ರ ಆಗ್ಲಿ ಬಿಡು” ಎಂದಳು. “ನಗತಿದ್ದ ಅಂದಿದ್ಯಲ್ಲ. ಅದು?”

ಇದೊಂದನ್ನು ಉಳಿಸಿಕೊಡಲೇ ಎಂದು ಒಂದು ಕ್ಷಣ ಅನ್ನಿಸಿತು.

“ಅದೂ ಸುಳ್ಳ, ಅಕ್ಕಾ.”

“ಹಂಗಾರ ಮೂರ ತಿಂಗಳಿಂದ ದಿನಾ ನಾ ನೋಡಾಕತ್ತಿದ್ದು ಯಾರ ನಗೀನೋ?”

ಆಕೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ನಿನಗ ಕಾಣಲಿಲ್ಲಂದ್ರ ಅವ ಅಲ್ಲೆ ಇಲ್ಲಂತಲ್ಲ. ನೀ ಅವನ್ನ ನೋಡಾಕ ಹೋದಾವಲ್ಲ, ಸಾಯಾಕ ಹೋದಾವ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಒಂದು ವ್ಯವಹಾರ ಇತ್ಯರ್ಥ ಮಾಡಿದವರ ಹಾಗೆ ಹೇಳಿದಳು. ಆಕೆಯ ನಂಬಿಕೆಗೆ ನನ್ನ ಸಾಕ್ಷಿ ಬೇಕಾಗಿರಲೇ ಇಲ್ಲ. ಬೇಕಾದದ್ದು ಒಂದು ನಗು, ಅದನ್ನು ನಾನೇ ಕೊಟ್ಟು ನಾನೇ ಕಸಿದುಕೊಂಡಿದ್ದೆ.

ಕಾರು ಹುನಗುಂದದ ಹತ್ತಿರ ಬಂದಾಗ ಆಕೆ ಚೀಲದಿಂದ ನೀರಿನ ಬಾಟಲಿ ತೆಗೆದು, “ಮಧ್ಯಾಹ್ನದ ಗುಳಿಗಿ ತಗೊಂಡಿಲ್ಲ ನೀ” ಎಂದು ಕೊಟ್ಟಳು. ನುಂಗಿದೆ.

“ಸಿಟ್ಟ ಬಂತೇನಕ್ಕಾ?”

“ಸಿಟ್ಟಲ್ಲೋ. ಹೇಳೂದಿದ್ರ ಟ್ರಂಕ್ ತಗದಾಗ ಹೇಳಬೇಕಿತ್ತು. ಇಲ್ಲಂದ್ರ ಇನ್ನ ಎರಡ ನಿಮಿಷ ತಡೀಬೇಕಿತ್ತು, ನಾ ಬಿಟ್ಟು ನಕ್ಕೋತ ಮನೀಗೆ ಬರ್ತಿದ್ದೆ.” ಆಕೆ ನನ್ನ ಎದೆಯ ಮೇಲೆ ಕೈಯಿಟ್ಟಳು. “ಹೋಗ್ಲಿ. ನಿನ್ನ ಎದಿ ಹಗುರಾತೋ ಇಲ್ಲೋ?”

ನಾನು ಕಿಟಕಿಯ ಕಡೆ ತಿರುಗಿದೆ. ಎದೆ ಹಗುರವಾಗಿತ್ತು.