ಸಂತೆಯಿಂದ ಮರಳಿದ ಹೇಂಟೆ

ಗೌರಿ, ನಿಮ್ಮ ಮನೆಯ ಕೋಳಿಗಳನ್ನು ಕೊಂದವಳು ನಾನು. ನಿನ್ನ ಕಾಲ್ಗುಣವಲ್ಲ — ನನ್ನ ಕೈ.

ನೀನು ಈ ತಮಿಳು ಸೀಮೆಯ ನೆಗಮಕ್ಕೆ ಸೊಸೆಯಾಗಿ ಬಂದ ಹೊಸತು. ನಮ್ಮ ಮಗ್ಗದ ಮನೆಯ ಹಿಂದೆ ಎರಡು ಕೋಳಿ ತೂಕಡಿಸುತ್ತಾ, ಬಿಳಿ ಭೇದಿ ಮಾಡಿಕೊಂಡು ಸತ್ತವು. ಅದು ವೆಳ್ಳೈ ಕಳಿಚ್ಚಲ್, ಗೂಡಿಗೆ ಗೂಡನ್ನೇ ಒಯ್ಯುವ ಕೋಳಿರೋಗ ಎಂದು ತಿಳಿಯಲು ನನಗೆ ಡಾಕ್ಟರು ಬೇಕಿರಲಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆ — ಉಳಿದವೂ ರೋಗ ತಗಲಿ ಕುತ್ತಿಗೆ ತಿರುಚಿಕೊಳ್ಳುವ ಮೊದಲೇ ಕಾಲು ಕಟ್ಟಿ ಕಿಣತ್ತುಕಡವಿನ ಸಂತೆಗೆ ಒಯ್ದೆ. ಕೊಳ್ಳುವವರಿಗೆ ರೆಕ್ಕೆ ಬಿಡಿಸಿ ತೋರಿಸಿದೆ, ನಗುನಗುತ್ತಾ ಮಾರಿದೆ. ಅವು ಯಾರ ಯಾರ ಗೂಡು ಸೇರಿದವೋ — ನೆನೆದರೆ ಈಗಲೂ...

ಕೆಂಪು ಹೇಂಟೆಯೊಂದು ಮಾತ್ರ ಮಾರಾಟವಾಗದೆ ಉಳಿಯಿತು. ಸಂತೆಗೆ ಹೋದ ಕೋಳಿಯನ್ನು ಮತ್ತೆ ಗೂಡಿಗೆ ಬಿಡಬಾರದು, ರೋಗ ಹೊತ್ತು ತರುತ್ತದೆ — ಇದು ನನ್ನ ಅಮ್ಮನ ಕಾಲದ ಕಟ್ಟಳೆ. ಮನೆಯಲ್ಲಿ ಬುಟ್ಟಿಯಡಿ ಮರಿಗಳಿದ್ದವು. ಕಟ್ಟಳೆ ಮುರಿಯಲಿಲ್ಲ ನಾನು, ಎಂಥ ಆಚಾರವಂತೆ ನೋಡು! ದಾರಿಯಲ್ಲೇ ನಿನ್ನ ಅತ್ತೆ ರಂಗಮ್ಮನ ಅಂಗಳಕ್ಕೆ ಬಂದು, "ಕಾವಿಗೆ ಬಂದಿರೋ ಕೋಳಿ ಅಕ್ಕಾ. ನೀವೇ ಕೂರ್ಸಿ, ಮರೀಲಿ ಆಳಿಗರ್ಧ ಪಂಗು" ಎಂದೆ. ಹೀಗೆ ಮರಿ ಪಾಲು ಮಾಡಿಕೊಳ್ಳುವುದು ಊರ ಪದ್ಧತಿ, ಯಾರೂ ಬೇಡವೆನ್ನುವುದಿಲ್ಲ. ಅದನ್ನು ನನ್ನ ಕೈಯಿಂದ ತೆಗೆದುಕೊಂಡವಳು ನೀನು. ಮೊಟ್ಟೆ ಜೋಡಿಸಿ ಕೂರಿಸಿದವಳೂ ನೀನೇ.

ಮೊಟ್ಟೆ ಒಡೆದು ಮರಿ ಬರುವ ಮೊದಲೇ ಅದೇ ರೋಗಕ್ಕೆ ನಿಮ್ಮ ಗೂಡು ಬರಿದಾಯಿತು.

ಸತ್ತ ಕೋಳಿಗಳಿಗೆ ಗುಂಡಿ ತೋಡಿಸುತ್ತಾ ರಂಗಮ್ಮ ನನಗೆ ಹೇಳಿದರು: "ಇವ್ಳು ಕಾಲಿಟ್ಟ ನೇರಾನೇ, ಆ ಗಳಿಗೇನೇ ಸರಿಯಿಲ್ಲ ಸರೋಜಾ. ಇವ್ಳು ಕೈ ಇಟ್ರೆ ಒಂದೂ ವಿಳಂಗಲ್ಲ, ಏಳ್ಗೆ ಆಗಲ್ಲ." ಹಾರೆ ಹಿಡಿದು ನೀನು ಅಲ್ಲೇ ಇದ್ದೆ. ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ — "ಕೆಲವ್ರ ಕೈ ಹಂಗೇ ಅಕ್ಕಾ, ಏನ್ ಮಾಡದು" ಎಂದೆ. ಸುಮ್ಮನಿದ್ದಿದ್ದರೂ ಇಷ್ಟು ಸುಡುತ್ತಿರಲಿಲ್ಲ.

ಅಂದಿನಿಂದ ರಂಗಮ್ಮ ನಿನ್ನನ್ನು ಗೂಡಿನ ಹತ್ತಿರ ಬಿಟ್ಟಿಲ್ಲ. ಹೊಸ ಸೀರೆಗೆ ಹಾಸು ಹೂಡುವ ದಿನ ಮಗ್ಗದ ಹತ್ತಿರವೂ ಇಲ್ಲ. ನಾನು ಹಬ್ಬಹಬ್ಬಕ್ಕೂ ಒಬ್ಬಟ್ಟು ಕಳಿಸಿದೆ. "ನಿಮಗೊಬ್ರಿಗೇ ನನ್ನ ಕಂಡ್ರೆ ಪಾಸ, ಸರೋಜಕ್ಕಾ" ಎಂದೆ ನೀನು. ಅದು ಪ್ರೀತಿಯ ಒಬ್ಬಟ್ಟಲ್ಲ ಗೌರಿ — ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅದು.

ಮೊನ್ನೆ ರಂಗಮ್ಮ ಕೋಳಿ ಕೂರಿಸುತ್ತಿದ್ದರು. ನಿನ್ನ ಮಗಳು ಮೊಟ್ಟೆಗೆ ಕೈ ಚಾಚಿದಳು. "ಮುಟ್ಬೇಡ ಪಾಪಾ! ನಿಂದೂ ನಿಮ್ಮಮ್ಮನ ಕೈಯೇ" ಎಂದು ಗದರಿದರು ರಂಗಮ್ಮ. ಮಗು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು. ಆಮೇಲೆ ನಾನು ಕೂತಲ್ಲಿ ಕೂತಿಲ್ಲ. ಮಗ್ಗದಲ್ಲಿ ಎಳೆ ಕಡಿಯುತ್ತದೆ, ಕಟ್ಟುತ್ತೇನೆ, ಮತ್ತೆ ಕಡಿಯುತ್ತದೆ —

ನಾಳೆ ಬೆಳಗ್ಗೆ ಬರುತ್ತೇನೆ. ನಿನ್ನ ಕಿವಿಯಲ್ಲಲ್ಲ, ರಂಗಮ್ಮನ ಎದುರಿಗೆ, ಬೀದಿಗೆಲ್ಲ ಕೇಳುವಂತೆ ಹೇಳುತ್ತೇನೆ. ನನ್ನನ್ನು ನೀನು ಕ್ಷಮಿಸಬೇಕಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಮಗುವನ್ನು ಕರೆದು, ಅದರ ಕೈಗೆ ಒಂದು ಮೊಟ್ಟೆ ಕೊಡು.